ನರಸಿಂಹನ ಕೆನ್ನೆಯ ಮೇಲೆ ರುದ್ರಾಕ್ಷಿ ಅಂಚು

“ಮುಟ್ಬೇಡಿ! ಕೈ ತಗೀರಿ ಸಾರ್, ನಿಮ್ಮ ಕೈಯಾಗೆ ಎಣ್ಣೆ ಐತೆ!”

ಮುನೆಪ್ಪ ಕೂಗಿದ ರಭಸಕ್ಕೆ ನಾನು ಕೈ ಹಿಂದಕ್ಕೆ ಎಳೆದುಕೊಂಡೆ. ಮೂವತ್ತೊಂದು ವರ್ಷ ಪೊಲೀಸ್ ಇಲಾಖೆಯಲ್ಲಿ ದುಡಿದು, ಹೆಡ್ ಕಾನ್‌ಸ್ಟೇಬಲ್ ಆಗಿ ನಿವೃತ್ತನಾದ ಈ ಈರಲಿಂಗಪ್ಪನ ಮೇಲೆ ಹಾಗೆ ದನಿ ಎತ್ತಿದವರು ಕಡಿಮೆ. ಆದರೆ ಅವನು ಹೇಳಿದ್ದು ನಿಜ. ಬೆಳಗ್ಗೆ ಪಾವಗಡದ ಬಸ್ ಸ್ಟ್ಯಾಂಡಿನಲ್ಲಿ ತಿಂದ ಬೋಂಡದ ಜಿಡ್ಡು ಬೆರಳುಗಳಲ್ಲಿ ಇನ್ನೂ ಇತ್ತು.

ನಾವು ಕಲ್ಯಾಣದುರ್ಗದಲ್ಲಿ, ನಟ ಅಮರೇಶಪ್ಪನ ಮಹಡಿ ಕೋಣೆಯಲ್ಲಿದ್ದೆವು. ಚಾಪೆಯ ಮೇಲೆ ಒಂದು ತಗಡಿನ ಪೆಟ್ಟಿಗೆ. ಅದರೊಳಗೆ, ನಲವತ್ತು ದಿನದಿಂದ ಹಿಂದೂಪುರದಲ್ಲಿ ನಾವು ಹುಡುಕುತ್ತಿದ್ದ ರಬ್ಬರ್ ನರಸಿಂಹನ ಮುಖ ಮಲಗಿತ್ತು.

ಪೆಟ್ಟಿಗೆಯನ್ನು ಬಸ್ಸಿನ ಟಾಪಿನಿಂದ ಅಮರೇಶಪ್ಪನೇ ಇಳಿಸಿಕೊಂಡನೆಂದು ಕಂಡಕ್ಟರ್ ಬಾಯಿಬಿಟ್ಟ ಮೇಲೆ ನಾವು ಇಲ್ಲಿಗೆ ಬಂದಿದ್ದೆವು. ಹತ್ತಿಸಿದವರನ್ನು ಅವನು ನೋಡಿರಲಿಲ್ಲ.

ಈ ಮುಖ ಹುಟ್ಟಿದ್ದು ಐವತ್ತಾರರಲ್ಲಿ, ಮದ್ರಾಸಿನ ಒಬ್ಬ ಮೇಕಪ್ಪಿನವನ ಕೈಯಲ್ಲಿ. ರಬ್ಬರ್ ಮರದ ಹಾಲನ್ನು ಅಚ್ಚಿಗೆ ಹೊಯ್ದು, ಒಣಗಿಸಿ, ಬಿಡಿಸಿ, ಬಣ್ಣ ಬಳಿದು ಮಾಡಿದ್ದು. ಹಾಕಿಕೊಂಡವನು ಹುಬ್ಬು ಗಂಟಿಕ್ಕಿದರೆ ಸಿಂಹವೂ ಗಂಟಿಕ್ಕುತ್ತಿತ್ತು. ಮರದ ಮುಖವಾಡ, ಕಾಗದದ ಮುಖವಾಡ ಮಾತ್ರ ನೋಡಿದ್ದ ನಮ್ಮ ಜನ ಬೆಚ್ಚಿಬಿದ್ದದ್ದು ಅದಕ್ಕೇ. ಆಮೇಲೆ ಅಚ್ಚು ಒಡೆದುಹೋಯಿತು, ಮಾಡಿದವನೂ ತೀರಿಹೋದ. ಇನ್ನೊಂದು ಇಲ್ಲ.

ಅದನ್ನು ಮಾಡಿಸಿದವರು ಹಿಂದೂಪುರದ ಹುಣಸೆ ವ್ಯಾಪಾರಿ ಉಜ್ಜಿನಪ್ಪನವರ ತಂದೆ. ಅವರ ನಾಟಕ ಕಂಪನಿ ಮುಚ್ಚಿ ಏಳು ವರ್ಷವಾಯಿತು. ಮುಖ ಮಾತ್ರ ಉಜ್ಜಿನಪ್ಪನವರ ಕೋಲ್ಡ್ ಸ್ಟೋರೇಜಿನಲ್ಲಿ, ಹುಣಸೆಹಣ್ಣಿನ ಮೂಟೆಗಳ ನಡುವೆ, ಮುನೆಪ್ಪನ ಕಾವಲಿನಲ್ಲಿತ್ತು. ಹಣ್ಣು ಕಪ್ಪಾಗದ ಹಾಗೆ ಕಾಯುವ ತಂಪೇ ರಬ್ಬರನ್ನೂ ಕಾಯುತ್ತದೆಂದು ಕಂಡುಕೊಂಡವನು ಇದೇ ಮುನೆಪ್ಪ. ಓದು ಮೂರನೇ ಕ್ಲಾಸು.

ಈ ವರ್ಷ ನರಸಿಂಹ ಜಯಂತಿ ಕಳೆದ ಮೇಲೆ ಅದನ್ನು ಮದ್ರಾಸಿನವರೊಬ್ಬರಿಗೆ ಮಾರುವುದೆಂದು ಉಜ್ಜಿನಪ್ಪನವರು ಮಾತು ಕೊಟ್ಟಿದ್ದರು. ಯುಗಾದಿಯ ಮರುದಿನ ಮುಖ ಮಾಯವಾಯಿತು. ಬೀಗ ಒಡೆದಿರಲಿಲ್ಲ. ಬೀಗದ ಕೈ ಇದ್ದದ್ದು ಇಬ್ಬರ ಹತ್ತಿರ, ಉಜ್ಜಿನಪ್ಪ ಮತ್ತು ಮುನೆಪ್ಪ. ಯಜಮಾನ ತನ್ನದನ್ನು ತಾನೇ ಕದಿಯುವುದಿಲ್ಲವಲ್ಲ. ಸ್ಟೇಷನ್ನಿಗೆ ದೂರು ಕೊಡುವ ಮೊದಲು ಹುಡುಕಿಕೊಡಿ ಎಂದು ಅವರು ನನ್ನ ಹತ್ತಿರ ಬಂದಿದ್ದರು.

“ಇವತ್ತು ಸಾಯಂಕಾಲ ಆರಕ್ಕೆ ಎಸ್ಸೈನ ಕರ್ಕೊಂಡು ನಿಮ್ಮ ಮನೆಗೇ ಬತ್ತೀನಿ,” ಎಂದಿದ್ದರು ಉಜ್ಜಿನಪ್ಪ. “ನೀವು ಹೆಸರು ಕೊಟ್ರೆ ಸರಿ. ಇಲ್ಲಾಂದ್ರೆ ಮುನೆಪ್ಪನ್ನ ಒಪ್ಪಿಸ್ಬುಡ್ತೀನಿ. ಇಪ್ಪತ್ತು ವರ್ಷ ಉಪ್ಪು ತಿಂದವ್ನೆ ಅಂತ ಇಷ್ಟು ದಿನ ಸುಮ್ಕಿದ್ದೆ.”

ಆ ಮುನೆಪ್ಪ ಈಗ ಪೆಟ್ಟಿಗೆಯ ಮುಂದೆ ಮಂಡಿಯೂರಿ, ಎರಡು ಅಂಗೈಗಳಲ್ಲಿ ಮುಖವನ್ನು ಎತ್ತಿ ಹಿಡಿದಿದ್ದ. ಹಿಡಿದ ರೀತಿ ನೋಡಬೇಕಿತ್ತು. ಹಸುಗೂಸಿನ ಕತ್ತಿಗೆ ಕೈ ಕೊಡುವ ಹಾಗೆ.

ಆಮೇಲೆ ಎಡಗೆನ್ನೆಯನ್ನು ಬೆಳಕಿಗೆ ತಿರುಗಿಸಿದ. ತಿರುಗಿಸಿದವನು ಅತ್ತುಬಿಟ್ಟ.

ಅತ್ತ ಗಂಡಸರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಲಾಕಪ್ಪಿನಲ್ಲಿ ಅಳದವರು ಯಾರು? ಆದರೆ ಮುನೆಪ್ಪನ ಅಳುವಿನಲ್ಲಿ ನಟನೆ ಇರಲಿಲ್ಲ. ಅಷ್ಟು ಮಾತ್ರ ಗೊತ್ತಾಯಿತು. ಅದಕ್ಕಿಂತ ಹೆಚ್ಚು ಗೊತ್ತಾಗಬೇಕಿತ್ತು ಎನ್ನುವುದು ಆಮೇಲಿನ ಮಾತು.

ಕೆನ್ನೆಯ ಮೇಲೆ, ಮೀಸೆಯ ಬುಡದಿಂದ ಕಿವಿಯ ತನಕ, ಕಪ್ಪಗೆ ಒಂದು ಪಟ್ಟಿ ಬಿದ್ದಿತ್ತು. ಆ ಪಟ್ಟಿಯುದ್ದಕ್ಕೂ ರಬ್ಬರ್ ಬೆಲ್ಲದ ಪಾಕದಂತೆ ಅಂಟಂಟಾಗಿತ್ತು. ಉಳಿದ ಮುಖಕ್ಕೆ ಏನೂ ಆಗಿರಲಿಲ್ಲ. ಒಳಗೆ ಹಳೆಯ ಹತ್ತಿ ಬಟ್ಟೆಯ ಮೆತ್ತೆ ತುರುಕಿ, ಮೂಗು ಕುಸಿಯದ ಹಾಗೆ, ಕಿವಿ ಮಡಿಚಿಕೊಳ್ಳದ ಹಾಗೆ ಇಟ್ಟಿದ್ದರು. ಸಂದುಗೊಂದಿಗೂ ಬಿಡದೆ ಪೌಡರ್ ಸವರಿದ್ದರು.

“ಇದು ಬಲ್ಲವರ ಕೆಲಸ,” ಎಂದೆ ನಾನು. “ಪೌಡರ್ ಹಾಕಿರೋದು ನೋಡು. ನಿನ್ನಷ್ಟೇ ಬಲ್ಲವರು.”

ಮುನೆಪ್ಪ ಚೀಲದಿಂದ ಗಡ್ಡಕ್ಕೆ ಸೋಪು ಹಚ್ಚುವ ಮೆತ್ತನೆಯ ಬ್ರಷ್ಷು ತೆಗೆದು ಹಣೆಯ ಮೇಲೆ ಆಡಿಸತೊಡಗಿದ.

“ಕಪ್ಪಗಾಗಿರೋದು ಯಾಕೆ?”

“ರಬ್ಬರ್‌ಗೆ ಮೂರು ಶತ್ರು ಸಾರ್. ಮದ್ರಾಸಿನೋರು ನಂಗೆ ಹೇಳ್ಕೊಟ್ಟಿದ್ದು ಅಷ್ಟೆಯ. ಎಣ್ಣೆ, ಬಿಸ್ಲು, ತಾಮ್ರ.” ಅವನು ಮೂಗು ಒರೆಸಿಕೊಂಡ. “ಎಣ್ಣೆ ತಗುಲಿದ್ರೆ ಊದ್ಕಂತೈತೆ. ಬಿಸ್ಲು ತಗುಲಿದ್ರೆ ಸೀಳ್ತೈತೆ. ಇದು ಎರಡೂ ಅಲ್ಲ. ಇದು ತಾಮ್ರ. ಒಂದು ಸಲ ಸುರು ಆದ್ರೆ ಗೆದ್ಲು ಹತ್ತಿದಂಗೆ.”

ಆ ಮಾತು ಕೇಳಿ ನನ್ನ ಕಣ್ಣು ನೆಟ್ಟಗೆ ಹೋದದ್ದು ಕಿಟಕಿಯ ಗೂಡಿನಲ್ಲಿದ್ದ ತಾಮ್ರದ ಚೆಂಬಿನ ಮೇಲೆ. ಅದರ ಪಕ್ಕದ ಕುರ್ಚಿಯಲ್ಲಿ ಅಮರೇಶಪ್ಪ ಕೂತಿದ್ದ.

ಇಲ್ಲಿ ಒಂದು ವಿಷಯ ಒಪ್ಪಿಕೊಂಡುಬಿಡುತ್ತೇನೆ. ಕಳ್ಳ ಅವನೇ ಆಗಿರಲಿ ಎಂದು ನಾನು ಮನೆದೇವರಿಗೆ ಹರಕೆ ಹೊತ್ತಿದ್ದೆ.

ಐವತ್ತೆರಡು ವರ್ಷ, ತಲೆಯಲ್ಲಿ ಒಂದು ಬಿಳಿ ಕೂದಲಿಲ್ಲ. ಬಣ್ಣ ಹಚ್ಚುತ್ತಾನೆ, ಗೊತ್ತು. ಆದರೂ ಚೆನ್ನಾಗಿ ಕಾಣುತ್ತಾನಲ್ಲ, ಅದೇ ಸಿಟ್ಟು. ಹದಿನಾರು ವರ್ಷದ ಹಿಂದೆ ಹಿಂದೂಪುರದಲ್ಲಿ ಕಂಪನಿ ಬೀಡುಬಿಟ್ಟಾಗ ನನ್ನ ಹೆಂಡತಿ ಶಿವಲಕ್ಷ್ಮಮ್ಮ ಒಂದೇ ನಾಟಕವನ್ನು ಏಳು ಸಲ ನೋಡಿದಳು. ಏಳು ಸಲವೂ ನನಗೆ ಅಲ್ಲಿ ಬಂದೋಬಸ್ತ್ ಡ್ಯೂಟಿ. ಕಂಬ ಸೀಳಿಕೊಂಡು ಇವನು ನರಸಿಂಹನಾಗಿ ಬರುವಾಗ ಜನವೆಲ್ಲ ರಂಗದ ಕಡೆ ನೋಡುತ್ತಿದ್ದರೆ, ಲಾಠಿ ಹಿಡಿದ ನಾನು ಹೆಂಗಸರ ಸಾಲಿನಲ್ಲಿದ್ದ ಅವಳ ಮುಖ ನೋಡುತ್ತಿದ್ದೆ. ಅವಳು ಕಣ್ಣು ಮಿಟುಕಿಸುತ್ತಿರಲಿಲ್ಲ. ನನ್ನನ್ನು ಆ ಹೆಂಗಸು ಒಂದು ದಿನವೂ ಹಾಗೆ ನೋಡಿರಲಿಲ್ಲ.

ಮುಖವಾಡದೊಳಗೆ ಮುಖವೇ ಕಾಣದವನ ಮೇಲೆ ಹೊಟ್ಟೆಕಿಚ್ಚು ಪಟ್ಟವನು ಈ ಸೀಮೆಯಲ್ಲಿ ನಾನೊಬ್ಬನೇ ಇರಬೇಕು. ನಗುವವರು ನಗಲಿ. ಕಿಚ್ಚು ಹತ್ತಿದ ಹೊಟ್ಟೆಗೆ ನ್ಯಾಯ ಗೊತ್ತಾಗುವುದಿಲ್ಲ.

ಅದೂ ಸಾಲದೆಂಬಂತೆ ಈಚೆಗೆ ಇನ್ನೊಂದು ಸೇರಿತ್ತು. ಯುಗಾದಿಯಿಂದ ಈಚೆ ನಮ್ಮ ಮನೆಯಲ್ಲಿ ಪೌಡರ್ ಡಬ್ಬಿ ವಾರಕ್ಕೊಂದು ಖಾಲಿಯಾಗುತ್ತಿತ್ತು. ಕ್ಷೌರ ಮಾಡಿಕೊಂಡು ಕೈ ಹಾಕಿದರೆ ಬರೀ ತಗಡಿನ ಸದ್ದು. ನಲವತ್ತೆಂಟರ ಹೆಂಗಸಿಗೆ ಇದ್ದಕ್ಕಿದ್ದಂತೆ ಇಷ್ಟು ಅಲಂಕಾರ ಯಾರಿಗಾಗಿ? ಕೇಳಿದರೆ, “ಬೇಸ್ಗೆ ಕಣ್ರಿ, ಬೆವರು,” ಎಂದಳು. ನಾನು ನಂಬಲಿಲ್ಲ.

“ಅಮರೇಶಪ್ಪನೋರೆ, ಪೆಟ್ಟಿಗೆ ನಿಮ್ಮ ಮನೆಗೆ ಹೆಂಗ್ ಬಂತು?” ಎಂದೆ.

“ಬಸ್ಸಲ್ಲಿ ಬಂತು.”

“ಅದಕ್ಕೇನು ಕಾಲಿತ್ತಾ?”

“ಹತ್ತು ದಿನದ ಹಿಂದೆ ಬಂತು ಕಣಪ್ಪ. ‘ಜೋಪಾನ’ ಅಂತ ಹೇಳಿ ಕಳ್ಸಿದ್ರು. ನಾನು ಮುಚ್ಚಳ ತೆಗೆದು ನೋಡ್ದೆ, ಕೈ ಮುಗ್ದೆ, ಮುಚ್ಚಿದೆ. ಆಗಲೇ ಕೆನ್ನೆ ಕಪ್ಪಿತ್ತು.”

“ಅದಕ್ಕೆ ಮುಂಚೆ ಮೂವತ್ತು ದಿನ ಎಲ್ಲಿತ್ತು?”

“ನಂಗ್ಯಾಕೆ ಕೇಳ್ತೀರಿ? ಯುಗಾದಿಗೆ ನಾನು ಬಳ್ಳಾರಿ ಆಸ್ಪತ್ರೇಲಿದ್ದೆ. ಕಣ್ಣು ಆಪರೇಷನ್. ಡಾಕ್ಟರ್ ಚೀಟಿ ಐತೆ, ತೋರಿಸ್ಲಾ?”

ಚೀಟಿ ತೋರಿಸಿದ. ಹಾಳು ಚೀಟಿ, ಸರಿಯಾಗಿಯೇ ಇತ್ತು.

“ಕಳ್ಸಿದೋರು ಯಾರು?”

ಅಮರೇಶಪ್ಪ ಹಸಿರು ಕನ್ನಡಕ ತೆಗೆದು, ಪಂಚೆಯ ತುದಿಯಲ್ಲಿ ಒರೆಸಿ, ಮತ್ತೆ ಹಾಕಿಕೊಂಡ. “ಅದು ಹೇಳಲ್ಲ.”

“ಎಸ್ಸೈ ಕೇಳಿದ್ರೂ?”

“ಯಾರು ಕೇಳಿದ್ರೂ ಹೇಳಲ್ಲ. ನಿಮಗಂತೂ ಮೊದಲೇ ಹೇಳಲ್ಲ ಈರಲಿಂಗಪ್ಪನೋರೆ.”

ನನಗೆ ಮೈ ಉರಿಯಿತು. ನಿವೃತ್ತನಾದವನೆಂದು ಈ ತಾತ್ಸಾರ! ಎದ್ದು ಅವನ ಕುರ್ಚಿಯ ಹತ್ತಿರ ಹೋಗಿ ನಿಂತೆ.

“ನೋಡಿ, ನೀವು ಉಜ್ಜಿನಪ್ಪನೋರ ತಂಗೀನ ಮದುವೆ ಆಗಿರೋರು. ನಿಮ್ಮ ಮೈ ಯಾರೂ ಮುಟ್ಟಲ್ಲ, ಆ ಧೈರ್ಯ ನಿಮಗೆ. ಆದ್ರೆ ಸಂಜೆ ಆರಕ್ಕೆ ಮುನೆಪ್ಪ ಒಳಗೆ ಹೋಯ್ತಾನೆ. ಅರವತ್ತು ವರ್ಷದ ಮುದುಕ. ಇಪ್ಪತ್ತು ವರ್ಷ ನಿಮ್ಮ ಈ ರಬ್ಬರ್ ಮುಖಕ್ಕೆ ಪೌಡರ್ ಹಾಕ್ದೋನು. ನೀವು ಚಪ್ಪಾಳೆ ಹೊಡೆಸ್ಕೊಂಡ್ರಿ, ಅವನಿಗೆ ಏನು ಸಿಕ್ತು? ನಿಮಗೆ ಮನಸ್ಸಾಕ್ಷಿ ಅನ್ನೋದು ಐತಾ?”

ಅಮರೇಶಪ್ಪ ನನ್ನ ಕಡೆ ನೋಡಲಿಲ್ಲ, ಮುನೆಪ್ಪನ ಕಡೆ ನೋಡಿದ. ಮುನೆಪ್ಪ ತಲೆ ಎತ್ತದೆ, ಆಗಲೇ ಪೌಡರ್ ಹಾಕಿದ್ದ ಹಣೆಗೆ ಮತ್ತೆ ಪೌಡರ್ ಹಾಕುತ್ತಿದ್ದ.

“ಹೋಗ್ಲಿ ಬಿಡಿ ಸಾರ್, ನಾನೇ ಒಳಗೆ ಹೋಯ್ತೀನಿ,” ಎಂದ. “ಕೋಲ್ಡ್ ಸ್ಟೋರೇಜಿನಾಗೆ ಇದ್ದೋನಿಗೆ ಜೈಲೇನು ದೊಡ್ಡದು. ಈ ಮುಖ ಮಾತ್ರ ಹುಷಾರಾಗಿ ನೋಡ್ಕಳಿ. ತಂಪಿಂದ ಈಚೆಗೆ ತಂದ ಕೂಡ್ಲೆ ಮುಟ್ಬಾರ್ದು. ಅದಕ್ಕೆ ಎಚ್ಚರ ಆಗೋಗಂಟ ಬಿಡ್ಬೇಕು.”

ಮಾಡದ ತಪ್ಪಿಗೆ ಇಷ್ಟು ಸಲೀಸಾಗಿ ಜೈಲಿಗೆ ಹೊರಡುವವರಿರುತ್ತಾರೆಯೇ ಎಂದು ಯಾವ ಪೊಲೀಸನಾದರೂ ಆಗಲೇ ಕೇಳಿಕೊಳ್ಳಬೇಕಿತ್ತು. ನಾನು ಕೇಳಿಕೊಳ್ಳಲಿಲ್ಲ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ನನ್ನ ಕಣ್ಣಿಗೆ ಆ ಕೋಣೆಯಲ್ಲಿ ಕಂಡದ್ದು ಅಮರೇಶಪ್ಪ ಒಬ್ಬನೇ.

ಚೆಂಬನ್ನು ತಂದು ಕೆನ್ನೆಯ ಪಕ್ಕ ಹಿಡಿದೆ. ಹೊಂದಲಿಲ್ಲ. ಚೆಂಬು ಒರಗಿದ್ದರೆ ಕಲೆ ದುಂಡಗೆ, ಇಡಿಯಾಗಿ ಬೀಳಬೇಕಿತ್ತು. ಇದು ಒಂದೂವರೆ ಬೆರಳಗಲದ ಪಟ್ಟಿ, ಎರಡೂ ಅಂಚು ಗೆರೆ ಎಳೆದಷ್ಟು ನೇರ. ಕನ್ನಡಕ ಹಣೆಗೆ ಏರಿಸಿ ಬಗ್ಗಿ ನೋಡಿದೆ. ಪಟ್ಟಿಯೊಳಗೆ ಸಣ್ಣ ಸಣ್ಣ ಗುಂಡುಗಳು ಸಾಲಾಗಿದ್ದವು. ನಾಲ್ಕು ಗುಂಡು, ಐದನೆಯದರ ಜಾಗ ಖಾಲಿ, ಮತ್ತೆ ನಾಲ್ಕು ಗುಂಡು.

ಹಿಂದೂಪುರದಲ್ಲಿ ಹುಟ್ಟಿದವನಿಗೆ ಆ ಗುಂಡುಗಳು ಏನೆಂದು ಹೇಳಿಕೊಡಬೇಕಾಗಿಲ್ಲ.

“ರುದ್ರಾಕ್ಷಿ ಅಂಚು,” ಎಂದೆ. “ಇದು ಸೀರೆ ಕಣೋ ಮುನೆಪ್ಪ! ಯಾರೋ ಇದನ್ನ ಜರಿ ಸೀರೇಲಿ ಸುತ್ತಿದ್ರು!”

ಮುನೆಪ್ಪನ ಕೈಯಿಂದ ಬ್ರಷ್ಷು ಜಾರಿ ಬಿತ್ತು. “ಜರಿ ಚಿನ್ನ ಅಲ್ವಾ ಸಾರ್?” ಎಂದು ಕೇಳಿದ.

ಅಮರೇಶಪ್ಪ ಕುರ್ಚಿಯಿಂದ ಎದ್ದು ಕಿಟಕಿಯ ಕಡೆ ತಿರುಗಿ ನಿಂತ. ಹೆಂಗಸಿನ ವಿಷಯ ಬಂತು ನೋಡು, ಬೆವರುತ್ತಿದ್ದಾನೆ ಎಂದು ನನಗೆ ಒಳಗೊಳಗೇ ಖುಷಿ. ಸೀರೆ ಎಂದ ಮೇಲೆ ಉಟ್ಟವಳೊಬ್ಬಳು ಇರಬೇಕು. ಅವಳನ್ನು ಹಿಡಿದರೆ ಇವನ ಬಣ್ಣ ಬಯಲು.

ತೆಳ್ಳನೆಯ ಕಾಗದವನ್ನು ಕೆನ್ನೆಗೆ ತಾಗದ ಹಾಗೆ ಪಕ್ಕದಲ್ಲಿ ಹಿಡಿದೆ. ಗುಂಡುಗಳನ್ನು ಅಳತೆಯಂತೆ ಬರೆದುಕೊಟ್ಟವನು ಮುನೆಪ್ಪನೇ. ಮುಖವನ್ನು ಬೇರೆಯವರ ಕೈಗೆ ಕೊಡಲು ಅವನು ಒಪ್ಪಲಿಲ್ಲ.

*

ಹಿಂದೂಪುರಕ್ಕೆ ಬಂದಿಳಿದಾಗ ನಾಲ್ಕೂವರೆ. ಪೆಟ್ಟಿಗೆಯೊಂದಿಗೆ ಮುನೆಪ್ಪನನ್ನು ಕೋಲ್ಡ್ ಸ್ಟೋರೇಜಿಗೆ ಕಳಿಸಿ ನಾನು ನೇಕಾರರ ಬೀದಿಗೆ ನಡೆದೆ. ಹತ್ತಾರು ಮನೆಯ ಮಗ್ಗಗಳ ಸದ್ದಿನಲ್ಲಿ ನನ್ನ ಚಪ್ಪಲಿಯ ಸದ್ದು ನನಗೇ ಕೇಳುತ್ತಿರಲಿಲ್ಲ.

ರುದ್ರಾಕ್ಷಿ ಅಂಚು ಹಾಕುವವರಲ್ಲಿ ಹಿರಿಯರು ಸೀತಾರಾಮಪ್ಪ. ಮಗ್ಗದ ಕುಣಿಯೊಳಗೆ ಕಾಲು ಇಳಿಬಿಟ್ಟು ನೇಯುತ್ತಿದ್ದವರು ನನ್ನನ್ನು ನೋಡಿ ಲಾಳಿ ನಿಲ್ಲಿಸಿದರು.

“ರಾ ರಾ ಈರಲಿಂಗಣ್ಣ, ಕೂತ್ಕೊ. ಏನು ಇಂಥ ಹೊತ್ನಾಗೆ?”

“ಜರಿ ಒಳಗೆ ಏನಿರ್ತೈತೆ ಸೀತಾರಾಮಪ್ಪ?”

“ಏನಿರ್ತೈತೆ? ಬೆಳ್ಳಿ. ಮೇಲೆ ಚಿನ್ನದ ನೀರು.”

ನಾನು ಅವರ ಪಕ್ಕದಲ್ಲಿದ್ದ ಜರಿ ಉಂಡೆಯಿಂದ ಗೇಣುದ್ದ ಎಳೆದು, ಚಾಕುವಿನ ಬೆನ್ನಿನಿಂದ ಕೆರೆದು, ಬೆಳಕಿಗೆ ಹಿಡಿದೆ. ಹಳದಿಯ ಕೆಳಗಿನಿಂದ ಕೆಂಪು ಹಣಿಕಿತು.

ಸೀತಾರಾಮಪ್ಪ ಬೀದಿ ಬಾಗಿಲ ಕಡೆ ಒಂದು ಸಲ ನೋಡಿದರು. “ತಾಮ್ರ,” ಎಂದರು ಮೆಲ್ಲಗೆ. “ಸೂರತ್ತಿಂದ ಬರೋದೇ ಹಂಗೆ ಕಣಣ್ಣ. ಎಲ್ಲರ ಮಗ್ಗದಾಗೂ ಅದೇಯ. ಯಾರ ಮುಂದೂ ಅನ್ಬೇಡ, ಮದುವೆ ಕಾಲ.”

ಇದೇ ನಮ್ಮ ಊರಿನವರು ಮಾತ್ರ ಮಾಡಬಹುದಾದ ತಪ್ಪು ಎಂದುಕೊಂಡೆ. ದೇವರ ಸಾಮಾನನ್ನು ಬರೀ ಬಟ್ಟೆಯಲ್ಲಿ ಸುತ್ತಿ ಕೊಡುವುದು ಇಲ್ಲಿ ಅವಮಾನ. ಜರಿ ಇರಲೇಬೇಕು. ತಾಮ್ರದ ಪಾತ್ರೆಯನ್ನು ದೂರ ಇಟ್ಟವರೂ ಜರಿಯನ್ನು ಚಿನ್ನವೆಂದೇ ನಂಬಿ ಸುತ್ತಿಬಿಡುತ್ತಾರೆ.

ಕಾಗದ ಬಿಚ್ಚಿ ಮಗ್ಗದ ಮೇಲೆ ಹರಡಿದೆ. “ಈ ಅಂಚು ಯಾರದು?”

ಸೀತಾರಾಮಪ್ಪ ನೋಡಿದರು. ಮುಖ ಬಿಗಿಯಿತು. “ಗೊತ್ತಿಲ್ಲ.”

“ಗೊತ್ತಿಲ್ವಾ?” ಒಳಗಿನಿಂದ ಅವರ ಹೆಂಡತಿ ಕದಿರಮ್ಮ ಬಂದಳು, ಕೈಯಲ್ಲಿ ನೂಲು ಸುತ್ತಿದ ಕದಿರು ಹಿಡಿದುಕೊಂಡೇ. “ತೋರ್ಸಿ ಇಲ್ಲಿ. ನಾಲ್ಕು ರುದ್ರಾಕ್ಷಿ, ಒಂದು ಬೋಳು. ಅಯ್ಯೋ ದೇವುಡಾ, ಇದು ನಮ್ಮ ಮಗ್ಗದ್ದೇ! ಅಂಚಿನ ಡಿಸೈನ್ ಹಾಕೋ ರಟ್ಟಿನ ಅಟ್ಟೇಲಿ ಒಂದು ತೂತು ತಪ್ಪಿ ಬಿದ್ದಿತ್ತಲ್ಲ, ಆ ಸೀರೆ!”

“ಕದಿರೀ, ಸುಮ್ಕಿರು,” ಎಂದರು ಸೀತಾರಾಮಪ್ಪ.

“ಯಾಕ್ ಸುಮ್ಕಿರ್ಲಿ?” ಎರಡು ವರ್ಷದ ಸಿಟ್ಟು ಅವಳ ನಾಲಿಗೆಯ ತುದಿಗೆ ಬಂದಿತ್ತು. “ಅಣ್ಣ, ಅಂಚು ತಪ್ಪೈತೆ, ಯಾರೂ ತಗಳಲ್ಲ, ಇದು ನಿಂಗೇ ಇರ್ಲಿ ಅಂದಿದ್ರು ಇವ್ರು. ನವಿಲುಕತ್ತಿನ ಬಣ್ಣ. ಬ್ಲೌಸ್ ಬಟ್ಟೆ ಕೂಡ ತಂದಿಟ್ಕೊಂಡಿದ್ದೆ. ಒಂದಿನ ನಾನು ಪರಿಗಿಗೆ ತವರಿಗೆ ಹೋಗಿ ಬರೋ ಅಷ್ಟ್ರಲ್ಲಿ ಮಾರ್ಬುಟ್ಟಿದ್ರು. ಅಂಥ ಸೀರೆ ಇನ್ನೊಂದು ಬರ್ಲಿಲ್ಲ, ಅಟ್ಟೆ ಸರಿ ಮಾಡಿಸ್ಬುಟ್ರಲ್ಲ. ಅವ್ರು ಅದನ್ನ ಉಟ್ಕೊಂಡು ಎದುರಿಗೆ ಬಂದಾಗ್ಲೆಲ್ಲ ನಂಗೆ ಹೊಟ್ಟೆ ಉರೀತೈತೆ. ಸುಳ್ಳು ಯಾಕೆ ಹೇಳ್ಲಿ!”

ಈ ಊರಿನಲ್ಲಿ ನನ್ನಷ್ಟೇ ಹೊಟ್ಟೆಕಿಚ್ಚಿನವರು ಇನ್ನೊಬ್ಬರಿದ್ದಾರೆಂದು ಕದಿರಮ್ಮನ ಮೇಲೆ ನನಗೆ ಒಂದು ಗಳಿಗೆ ಅಕ್ಕರೆ ಉಕ್ಕಿತು. ಹೊಟ್ಟೆ ಉರಿದವರು ಮರೆಯುವುದಿಲ್ಲ, ಇವಳಿಗಿಂತ ಒಳ್ಳೆಯ ಸಾಕ್ಷಿ ಎಲ್ಲಿ ಸಿಗಬೇಕು?

“ಹೆಸರು ಹೇಳಮ್ಮ ತಾಯಿ. ಉಟ್ಟೋರು ಯಾರು?”

ಕದಿರಮ್ಮ ನನ್ನನ್ನು ಪಿಳಿಪಿಳಿ ನೋಡಿದಳು. ಗಂಡನ ಕಡೆ ನೋಡಿದಳು. ಅವರು ಕುಣಿಯೊಳಗಿನ ತಮ್ಮ ಕಾಲು ನೋಡುತ್ತಿದ್ದರು.

“ಏನಣ್ಣ, ತಮಾಷೆ ಮಾಡ್ತೀಯಾ?” ಎಂದಳು. “ನಿಮ್ಮ ಮನೆಯೋರೇ. ಶಿವಲಕ್ಷ್ಮಕ್ಕ. ಎರಡು ವರ್ಷದಿಂದ ಹಬ್ಬಹಬ್ಬಕ್ಕೂ ಉಡ್ತಾರಲ್ಲ. ಹೆಂಡ್ತಿ ಉಟ್ಟಿರೋ ಸೀರೆ ನೀನು ನೋಡೇ ಇಲ್ವಾ?”

*

ನೋಡಿರಲಿಲ್ಲ.

ಹತ್ತು ವರ್ಷದ ಹಿಂದೆ ಹಿಡಿದ ಜೇಬುಗಳ್ಳನ ಚಪ್ಪಲಿಯ ಬಣ್ಣ ಈಗಲೂ ಹೇಳಬಲ್ಲೆ. ಹೆಂಡತಿಯ ಮೈಮೇಲೆ ಎರಡು ವರ್ಷ ಇದ್ದ ಸೀರೆ ನನಗೆ ಗೊತ್ತಿರಲಿಲ್ಲ. ಅವಳು ಯಾರನ್ನು ನೋಡುತ್ತಾಳೆ ಎಂದು ಹದಿನಾರು ವರ್ಷ ಕಾದೆನೇ ಹೊರತು ಅವಳನ್ನು ನಾನು ನೋಡಿರಲಿಲ್ಲ.

‘ನಿಮಗಂತೂ ಮೊದಲೇ ಹೇಳಲ್ಲ.’ ಆ ಮಾತು ಈಗ ಅರ್ಥವಾಯಿತು. ಅದು ತಾತ್ಸಾರವಲ್ಲ, ಮರ್ಯಾದೆ. ನನ್ನ ಮರ್ಯಾದೆಯನ್ನು ಕಾಪಾಡಲು ಅಮರೇಶಪ್ಪ ಯಾರು? ಅವನು ಕಳ್ಳನಾಗಿದ್ದರೂ ನನಗೆ ಇಷ್ಟು ಉರಿಯುತ್ತಿರಲಿಲ್ಲ.

ಮನೆಗೆ ಹೇಗೆ ಬಂದೆನೋ ಗೊತ್ತಿಲ್ಲ. ಗಡಿಯಾರದಲ್ಲಿ ಐದೂ ಮುಕ್ಕಾಲು. ಶಿವಲಕ್ಷ್ಮಮ್ಮ ನಡುಮನೆಯಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ನಾನು ಕಾಗದವನ್ನು ಅವಳ ಮುಂದೆ ಇಟ್ಟೆ.

ಅವಳು ಅದನ್ನು ನೋಡಿದಳು. ಕೈ ತೊಳೆದುಕೊಂಡು ಬಂದಳು. ಒಳಕೋಣೆಗೆ ಹೋಗಿ, ನನ್ನ ಮಂಚದ ಕೆಳಗಿನಿಂದ ಟ್ರಂಕ್ ಎಳೆದು, ಎಲ್ಲಕ್ಕಿಂತ ಅಡಿಯಲ್ಲಿದ್ದ ಸೀರೆಯನ್ನು ತೆಗೆದು ನನ್ನ ತೊಡೆಯ ಮೇಲೆ ಹಾಕಿದಳು. ನವಿಲುಕತ್ತಿನ ಬಣ್ಣ. ಮಡಿಕೆಯಿಂದ ಪೌಡರಿನ ವಾಸನೆ ಗಪ್ಪನೆ ಬಂತು. ಅಂಚಿನ ಒಂದು ಕಡೆ, ಗೇಣುದ್ದ, ಜರಿ ಕಪ್ಪಿಟ್ಟು, ರಬ್ಬರಿನ ಚೂರುಗಳು ಅಂಟಿಕೊಂಡಿದ್ದವು.

“ಪೌಡರ್ ಡಬ್ಬಿ,” ಎಂದೆ.

“ಹೂಂ. ದಿನಾ ಮಧ್ಯಾಹ್ನ ನೀವು ಆಚೆ ಹೋದ್ಮೇಲೆ ಹಾಕ್ತಿದ್ದೆ. ಹಾಕ್ಲಿಲ್ಲಾಂದ್ರೆ ಒಂದಕ್ಕೊಂದು ಅಂಟ್ಕಂತೈತಂತೆ.”

“ಮೂವತ್ತು ದಿನ?”

“ನಿಮ್ಮ ಮಂಚದ ಕೆಳಗೇನೇ.”

ಮೂವತ್ತು ದಿನ ಊರೆಲ್ಲ ಜಾಲಾಡಿ ಬಂದು ನಾನು ಅದರ ಮೇಲೆಯೇ ಮಲಗಿದ್ದೆ. ದೀಪದ ಬುಡದಲ್ಲಿ ಕತ್ತಲು ಎಂದು ಜನ ಸುಮ್ಮನೆ ಹೇಳುವುದಿಲ್ಲ.

“ಈ ಸೀರೆ ಯಾರು ಕೊಡ್ಸಿದ್ದು?” ಕೇಳಬಾರದ ಪ್ರಶ್ನೆಯನ್ನೇ ಮೊದಲು ಕೇಳಿದೆ. ಹೊಟ್ಟೆಕಿಚ್ಚಿನವನ ಬುದ್ಧಿ.

“ನೀವೇ. ಗೌರಿ ಹಬ್ಬಕ್ಕೆ ‘ಏನಾದ್ರೂ ತಗೋ’ ಅಂದ್ರಿ. ತಗಂಡೆ. ಉಟ್ಟು ಮುಂದೆ ಬಂದು ನಿಂತೆ. ಪೇಪರ್ ಓದ್ತಿದ್ರಿ.”

ನಾನು ತಲೆ ತಗ್ಗಿಸಿದೆ. ಆದರೂ ಒಳಗಿನ ಮುಳ್ಳು ಸುಮ್ಮನಿರಬೇಕಲ್ಲ. “ಅಮರೇಶಪ್ಪನಿಗೆ ಯಾಕೆ ಕಳ್ಸಿದೆ?”

“ಇನ್ನ್ಯಾರಿಗೆ ಕಳ್ಸ್ಲಿ? ನೀವು ಒಂದೊಂದೇ ಮನೆ ಹುಡುಕ್ತಾ ಬತ್ತಿದ್ರಿ, ಹೆದರಿಕೆ ಆಯ್ತು. ದೇವರ ಮುಖ, ಒಂದಿನ ಪೌಡರ್ ಒರೆಸಿ ನೋಡಿದ್ರೆ ಕೆನ್ನೆ ಕಪ್ಪಗಾಗಿತ್ತು. ಚಿನ್ನ ಅಂದ್ಕೊಂಡು ಸುತ್ತಿದ್ದೆ ಕಣ್ರೀ. ತಾಮ್ರದ ಪಾತ್ರೆ ದೂರಾನೇ ಇಟ್ಟಿದ್ದೆ, ಜರೀಲೇ ತಾಮ್ರ ಐತೆ ಅಂತ ನಂಗೇನು ಗೊತ್ತು?” ಅವಳ ಕಣ್ಣು ತುಂಬಿತು. “ನೀವು ಏನು ಅನ್ಕೊಂಡೀರಿ ಅಂತ ನಂಗೊತ್ತು. ಹದಿನಾರು ವರ್ಷದಿಂದ ಗೊತ್ತು. ನಾನು ಏಳು ಸಲ ನೋಡಿದ್ದು ಆ ಮುಖಾನ. ಮುಖದೊಳಗೆ ಇದ್ದೋರನ್ನಲ್ಲ.”

ಎದೆಯೊಳಗೆ ಹದಿನಾರು ವರ್ಷ ಕಟ್ಟಿದ್ದ ಗಂಟು ಸಡಿಲವಾಯಿತೋ ಇನ್ನೂ ಬಿಗಿಯಾಯಿತೋ ತಿಳಿಯಲಿಲ್ಲ. ಅತ್ತ ಯೋಚಿಸಲು ಹೊತ್ತೂ ಇರಲಿಲ್ಲ. ಐದು ಐವತ್ತೈದು.

ನಾನು ಹೆಸರು ಕೊಡದಿದ್ದರೆ ಮುನೆಪ್ಪ ಜೈಲಿಗೆ. ಕೊಟ್ಟರೆ ನನ್ನ ಹೆಂಡತಿ. ಪಾಪ, ಏನೂ ಅರಿಯದ ಆ ಮುದುಕ.

“ಶಿವಲಕ್ಷ್ಮೀ, ನಿಜ ಹೇಳು. ಕೋಲ್ಡ್ ಸ್ಟೋರೇಜಿನ ಬೀಗದ ಕೈ ನಿಂಗೆ ಹೆಂಗ್ ಸಿಕ್ತು? ಮುನೆಪ್ಪನ ಜೇಬಿಂದ ಕದ್ಯಾ?”

“ನಾನ್ಯಾಕೆ ಕದೀಲಿ?” ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡಳು. “ತಂದ್ಕೊಟ್ಟೋನೇ ಮುನೆಪ್ಪಣ್ಣ. ಯುಗಾದಿ ಮಾರನೆ ದಿನ, ಹುಣಸೆಹಣ್ಣಿನ ಚೀಲದಾಗೆ ಇಟ್ಕೊಂಡು, ಹಿತ್ತಲ ಬಾಗಿಲಿಗೆ ಬಂದ. ‘ಅಕ್ಕಾ, ಈ ಊರಾಗೆ ಯಾರೂ ಹುಡುಕದ ಮನೆ ಅಂದ್ರೆ ಹುಡುಕೋರ ಮನೇನೇ’ ಅಂದ.”

ಮಂಡಿಯೂರಿ ಅತ್ತ ಮುನೆಪ್ಪ. ಹಾಕಿದಲ್ಲಿಗೇ ಮತ್ತೆ ಪೌಡರ್ ಹಾಕಿದ ಮುನೆಪ್ಪ. ‘ಜರಿ ಚಿನ್ನ ಅಲ್ವಾ ಸಾರ್’ ಎಂದ ಮುನೆಪ್ಪ. ಬೆಳಗ್ಗೆಯಿಂದ ಪಕ್ಕದಲ್ಲೇ ಕೂತು ಬಸ್ಸಿನಲ್ಲಿ ಬಂದವನು. ನನ್ನ ಹೆಂಡತಿ ನನ್ನನ್ನು ಬಿಟ್ಟು ಅವನನ್ನು ನಂಬಿದ್ದಳು! ಕಿಚ್ಚು ಒಂದು ಮನೆಯಿಂದ ಇನ್ನೊಂದು ಮನೆಗೆ ಹಾರಿತು.

“ಯಾಕೆ? ಮದ್ರಾಸಿಗೆ ಹೋಗ್ಬಾರ್ದು ಅಂತಲಾ? ಅಷ್ಟಕ್ಕೇನಾ?”

“ಅಷ್ಟಕ್ಕೆ ನಾನು ನಿಮಗೆ ಮುಚ್ಚಿಡ್ತಿದ್ನಾ? ಆ ಮುಖದ ಒಳಗಡೆ, ಬಟ್ಟೆ ಮೆತ್ತೆ ತೆಗೆದು ನೋಡಿದ್ರಾ ನೀವು?”

ನೋಡಿರಲಿಲ್ಲ. ಕೆನ್ನೆ ನೋಡಿದ್ದೆ, ಅಮರೇಶಪ್ಪನನ್ನು ನೋಡಿದ್ದೆ. ಒಳಗೆ ಏನಿದೆಯೆಂದು ನೋಡಿರಲಿಲ್ಲ. ಆ ಪೆಟ್ಟಿಗೆ ಈಗ ಮತ್ತೆ ಉಜ್ಜಿನಪ್ಪನವರ ಕೋಲ್ಡ್ ಸ್ಟೋರೇಜಿನಲ್ಲಿತ್ತು. ಅಲ್ಲಿಗೆ ಕಳಿಸಿದವನು ನಾನೇ.

“ಏನಿತ್ತು ಒಳಗೆ?”

ಬೀದಿಯಲ್ಲಿ ಜೀಪು ನಿಂತ ಸದ್ದಾಯಿತು. “ಈ ಮುಖ ಕಾಯ್ದ ಮುನೆಪ್ಪನಿಗೇ ಸೇರ್ಬೇಕು ಅಂತ ಉಜ್ಜಿನಪ್ಪನೋರ ತಂದೆ ಬರೆದಿಟ್ಟ ಚೀಟಿ,” ಎಂದಳು ಶಿವಲಕ್ಷ್ಮಮ್ಮ ದನಿ ತಗ್ಗಿಸಿ. ಎರಡು ಜೊತೆ ಕಾಲಿನ ಸದ್ದು. ಒಂದು ಬೂಟು, ಒಂದು ಕಿರುಗುಟ್ಟುವ ಚಪ್ಪಲಿ.

“ಈರಲಿಂಗಪ್ಪನೋರೆ!” ಹೊರಗಿನಿಂದ ಉಜ್ಜಿನಪ್ಪನವರ ದನಿ. “ಹೆಸರು ಸಿಕ್ತಾ?”

ನಾನು ಸೀರೆಯನ್ನು ಟ್ರಂಕಿನೊಳಗೆ ತುರುಕಲು ಕೈ ಚಾಚಿದೆ. ಅವಳು ಬಿಡಲಿಲ್ಲ. ಸೀರೆಯನ್ನು ನನ್ನ ಕೈಯಿಂದ ಕಿತ್ತುಕೊಂಡು, ಬಿಚ್ಚಿ, ಕಪ್ಪಿಟ್ಟ ಅಂಚು ಎದುರಿಗೆ ಬರುವ ಹಾಗೆ ಭುಜದ ಮೇಲೆ ಹೊದ್ದುಕೊಂಡಳು. ಆ ಸೀರೆಯಲ್ಲಿ ಅವಳನ್ನು ನಾನು ಕಣ್ಣು ತುಂಬ ನೋಡಿದ್ದು ಅದೇ ಮೊದಲು.

“ಸಿಕ್ತು ಕಣಣ್ಣ,” ಎಂದಳು ಬಾಗಿಲ ಕಡೆ ತಿರುಗಿ. “ಒಳಗೆ ಬನ್ನಿ.”